ಗುಡ್ಡದ ಮೇಲಿನ ಸಾಲು ಹಾಸಿಗೆ

ಕುವೈತಿನ ಮಿರ್ಕಾಬಿನಲ್ಲಿ ಒಂದು ಟ್ರಾವೆಲ್ ಆಫೀಸಿನಲ್ಲಿ ಮಗಳ ಜೊತೆ ಕೂತಿದ್ದೇನೆ. ಮಗಳ ಮನೆಯವರೆಲ್ಲ ರಜೆಗೆ ಆಲ್ಪ್ಸ್ ಪರ್ವತದಲ್ಲಿ ನಡೆಯಲು ಹೊರಟಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಅವರೆಲ್ಲ ಗುಡ್ಡದ ಮೇಲೆ ನಡೆಯಲು ಬಂದವರು ತಂಗುವ ಮರದ ಮನೆಯಲ್ಲಿ, ನಾನೊಬ್ಬಳು ಕೆಳಗಿನ ಹೋಟೆಲಿನಲ್ಲಿ ಎಂದು ಮಗಳ ತೀರ್ಮಾನ. ಅಷ್ಟು ದೂರ ಹೋಗಿ ಒಬ್ಬಳೇ ಕೂರಲು ನನಗೆ ಮನಸ್ಸಿಲ್ಲ.

ಆಫೀಸಿನ ರಫೀಕ್ ನಮ್ಮ ಪುತ್ತೂರಿನ ಕಡೆಯವನು. ಕಂಪ್ಯೂಟರನ್ನು ನನ್ನತ್ತ ತಿರುಗಿಸಿ ಆ ಮರದ ಮನೆಯ ಒಳಗನ್ನು ತೋರಿಸಿದ. ಉದ್ದಕ್ಕೂ ಒಂದೇ ಹಲಗೆ, ಅದರ ಮೇಲೆ ಸಾಲಾಗಿ ದಿಂಬುಗಳು. ಪರಿಚಯವೇ ಇಲ್ಲದ ಗಂಡಸರು, ಹೆಂಗಸರು ಒತ್ತಾಗಿ ಮಲಗುತ್ತಾರಂತೆ. ದುಡ್ಡಿದ್ದವರ ದೇಶದಲ್ಲಿ ಹೀಗೂ ಉಂಟೆಂದು ನನಗೆ ಗೊತ್ತಿರಲಿಲ್ಲ.

“ನಮ್ಮ ಮದುವೆಮನೆಯ ಹಾಗೇ ಉಂಟಲ್ಲ,” ಎಂದೆ. “ಆದ್ರೆ ಹತ್ತಲಿಕ್ಕೆ ನನ್ನಿಂದಾಗದು.”

“ಬಾಗಿಲವರೆಗೂ ರೋಪ್‌ವೇ ಉಂಟಮ್ಮ,” ಎಂದ ರಫೀಕ್.

ಆಗ ಮಗಳು ಬಾಯಿಬಿಟ್ಟಳು. “ಹತ್ತುವುದಲ್ಲಮ್ಮ, ನಿನ್ನ ಗೊರಕೆ. ಪಕ್ಕದವರಿಗೆ ನಿದ್ದೆ ಬರ್ಲಿಕ್ಕುಂಟಾ?”

ರಫೀಕ್ ನಗು ತಡೆದುಕೊಂಡ. “ಅಕ್ಕ, ಎಲ್ಲರೂ ಕಿವಿಗೆ ಹತ್ತಿ ತನ್ನಿ ಅಂತ ಆ ಮನೆಯವರೇ ಹೇಳ್ತಾರೆ.”

“ಹಾಗಾದ್ರೆ ಗೊರಕೆಯವರು ನನಗಿಂತ ಮೊದಲೇ ಅಲ್ಲಿಗೆ ಹೋಗಿಯಾಗಿದೆ,” ಎಂದೆ. “ನನಗೂ ಒಂದು ಜಾಗ ಹಿಡಿ ಮಾರಾಯ.”