ಮಗ್ಗ ನಿಂತಾಗಿನ ಆಟ

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಗೆ ಒರಗಿ ಅಕ್ಕ, ನಾನು ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಿದ್ದೆವು. ಇಬ್ಬಿಬ್ಬರ ಜೋಡಿ, ಕೊನೆಗೆ ಉಳಿದ ಜೋಡಿಗೆ ಗೆಲುವು. ಪವರ್‌ಲೂಮಿನ ಖಟಪಟದಲ್ಲಿ ಆಟದ ಸದ್ದು ಕೇಳಿಸುತ್ತಲೇ ಇರಲಿಲ್ಲ. ಬರೀ ಕಣ್ಣಿನ ಮೇಲೆ ಆಡಿ ಓಣಿಗೆಲ್ಲ ನಾವೇ ಹುಲಿಗಳು.

ಜಮಖಂಡಿಯ ಪಂದ್ಯಕ್ಕೆ ಹೋದಾಗ ಹುಲಿಗಳು ಇಲಿಗಳಾದವು. ಅಲ್ಲಿನ ಹಾಲ್‌ನಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಹೆಡ್‌ಫೋನ್ ಹಾಕಿದ್ದೇ ತಡ, ಆಟದೊಳಗಿನ ಹೆಜ್ಜೆ ಸಪ್ಪಳ ಕಿವಿಗೆ ನುಗ್ಗಿತು. ನಮ್ಮದು ಯಾವುದು, ವೈರಿಯದು ಯಾವುದು ತಿಳಿಯದೆ ಪ್ರತಿ ಹೆಜ್ಜೆಗೂ ಬೆಚ್ಚಿ ತಿರುಗಿದೆವು. ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಬಸ್ಸಿನಲ್ಲಿ ನಾನು ಮೊಬೈಲಿಗೆ, ಹಾಲ್‌ಗೆ, ಕೊನೆಗೆ ಜಮಖಂಡಿಗೇ ಬೈದೆ.

"ಫೋನಿಗ್ಯಾಕ ಬೈತಿ? ದಿನಾ ಆಡೇವಿ ಖರೆ, ಅರ್ಧಾ ಆಟಾನ ಕಲತೇವಿ," ಎಂದಳು ಅಕ್ಕ. "ಎಳಿ ಹರದಾಗ ಅಪ್ಪ ಏನ್ ಮಾಡ್ತಾನ? ಮಗ್ಗ ನಿಲ್ಲಸ್ತಾನ. ನೀ ಹಂಗಽ ಓಡಸ್ತಿ, ಹುಚ್ಚಿ."

ಅಂದಿನಿಂದ ಅವಳದೇ ಕಾಯಿದೆ. ಕರೆಂಟ್ ಹೋಗಿ ಮಗ್ಗ ನಿಂತಾಗ ಮಾತ್ರ ಆಟ. ಸೋತರೆ ಕೂಡಲೇ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಎಲ್ಲಿ ಕೆಟ್ಟಿತೆಂದು ಮೊದಲು ಬಾಯಿಬಿಟ್ಟು ಹೇಳಬೇಕು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹಲ್ಲು ಕಡಿಯುತ್ತಲೇ ಹೇಳುತ್ತಿದ್ದೆ. ಹಾಗೇ ಕಿವಿಯೂ ಪಳಗಿತು, ಸಿಟ್ಟೂ ಒಂದಿಷ್ಟು ಪಳಗಿತು. ಕರೆಂಟ್ ಹೋಯಿತೆಂದು ಊರೆಲ್ಲ ಶಪಿಸುವಾಗ ನಾವಿಬ್ಬರು ನಗುತ್ತಾ ಫೋನ್ ಹುಡುಕುತ್ತಿದ್ದೆವು. ಇನ್ನೊಮ್ಮೆ ಜಮಖಂಡಿಗೆ ಹೋಗಿ ಗೆದ್ದೇ ಬರೋಣ ಎಂದಿದ್ದಳು ಅಕ್ಕ. ಅಷ್ಟರಲ್ಲಿ ಮದುವೆಯಾಗಿ ಬೀಳಗಿಗೆ ಹೋದಳು.

ಈಗ ಆ ಪಂದ್ಯ ಮತ್ತೆ ಬಂದಿದೆ. ಜೋಡಿಯ ಹೆಸರು ಕೊಡಬೇಕು. ರಬಕವಿಯ ಗೆಳತಿಯೊಬ್ಬಳು ಬರುತ್ತೇನೆಂದಿದ್ದಾಳೆ, ನನಗಿಂತ ಛಲೋ ಆಡುತ್ತಾಳೆ ಕೂಡ. ಆದರೂ ನನಗೆ ಅಕ್ಕನೇ ಬೇಕು. ನಿನ್ನೆ ಮಧ್ಯಾಹ್ನ ತಡೆಯಲಾರದೆ ಫೋನ್ ಮಾಡಿ, ಗೆಳತಿಯ ವಿಷಯವನ್ನೂ ಹೇಳಿದೆ.

"ಬರ್ತೀಯೇನಕ್ಕಾ?"

"ಕೂಸು ಭಾಳ ಸಣ್ಣದೈತಿ. ಅಕೀನ್ನ ಕರ್ಕೊಂಡ್ ಹೋಗು." ಮತ್ತೆ ತಾನಾಗಿಯೇ ಕೇಳಿದಳು: "ಅಲ್ಲೆ ಕರೆಂಟ್ ಐತೇನ?"

"ಐತಿ."

"ಹಂಗಾರ ಫೋನ್ ಒಂಚೂರು ಮಗ್ಗದ ಹತ್ರ ಹಿಡಿ. ಈ ಮನ್ಯಾಗ ಸದ್ದಽ ಇಲ್ಲ ನೋಡು."

ಹಿಡಿದು ನಿಂತೆ. ಆ ಕಡೆಯಿಂದ ಅವಳು ಏನೋ ಅಂದ ಹಾಗಾಯಿತು. ಅವಳೇ ಪಳಗಿಸಿದ ಕಿವಿ ನನ್ನದು. ಆದರೂ ಆ ಖಟಪಟದಲ್ಲಿ ಏನೂ ಕೇಳಿಸಲಿಲ್ಲ.