ಖಂಡಪ್ಪನ ಕಿಸೆಯ ಸಕ್ಕರೆ

ಭಂಕೂರಿನ ಖಂಡಪ್ಪ ಸಕ್ಕರೆ ಬಿಟ್ಟನಂತೆ ಎಂಬ ಸುದ್ದಿ ಹಬ್ಬಿದಾಗ ಊರಲ್ಲಿ ಯಾರೂ ನಂಬಲಿಲ್ಲ. ಅವನ ಹೆಂಡತಿ ಚಂದ್ರಕಲಾ ನಂಬಲಿಲ್ಲ. ನಿಜ ಹೇಳಬೇಕೆಂದರೆ ಖಂಡಪ್ಪನಿಗೇ ನಂಬಿಕೆ ಇರಲಿಲ್ಲ.

ಅವನ ಅಜ್ಜ ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದವನು. ಸೇತುವೆಯಾದ ಮೇಲೆ ಹರಗೋಲಿನ ಕೆಲಸ ಮುಗಿಯಿತು. ಮೊಮ್ಮಗ ಸಣ್ಣದೊಂದು ಗೂಡ್ಸ್ ಗಾಡಿ ಹಿಡಿದ. ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲು ಹೇರಿಕೊಂಡು ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಸುತ್ತುವುದೇ ಅವನ ಬಾಳು. ದಾರಿಯನ್ನು ಅವನು ಎಂದೂ ಕಿಲೋಮೀಟರಿನಲ್ಲಿ ಅಳೆದವನಲ್ಲ. ವಾಡಿ ಎಂದರೆ ಚಹಾ ಮತ್ತು ಬಾಲೂಶಾ. ಚಿತ್ತಾಪುರ ಎಂದರೆ ಬಿಸಿ ಜಿಲೇಬಿ. ಸೇಡಂ ಮುಟ್ಟಿದರೆ ಪೇಢೆ. ಚಿಂಚೋಳಿಯವರೆಗೆ ಹೋಗುವುದಿದ್ದರೆ ದಾರಿ ದೂರ, ಪಾಪ, ಆದ್ದರಿಂದ ಲಾಡು ಮೊದಲೇ ಕಟ್ಟಿಸಿಕೊಂಡು ಹೊರಡಬೇಕು. ಇವನು ಕುಡಿದಿಟ್ಟ ಚಹಾದ ಕಪ್ಪಿನ ತಳದಲ್ಲಿ ಉಳಿದ ಸಕ್ಕರೆಯಲ್ಲಿ ಇನ್ನೊಬ್ಬರಿಗೆ ಚಹಾ ಆಗುತ್ತಿತ್ತು.

ಆ ಮಳೆಗಾಲದಲ್ಲಿ ಫರ್ಸಿಯ ಅಂಚು ತಗುಲಿ ಕಾಲಿಗೆ ಗಾಯವಾಯಿತು. ಸಣ್ಣ ಗಾಯವೇ, ಆದರೆ ಎಷ್ಟು ದಿನವಾದರೂ ಮಾಯಲಿಲ್ಲ. ಮಗಳು ಸುಜಾತಾ ಶಹಾಬಾದಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಪ್ಪನನ್ನು ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ಕಾಗದದಲ್ಲಿ ಸಕ್ಕರೆ ಮೇಲೇರಿತ್ತು. ಮನೆಗೆ ಬಂದ ಮೇಲೆ ಅಪ್ಪನ ಬಲಗೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಅಪ್ಪಾ, ಹೇಳು. ಇನ್ನ ಸಕ್ರಿ ಬಾಯಾಗ ಹಾಕಂಗಿಲ್ಲ ಅಂತ."

"ಹಬ್ಬಕ್ಕರ ಒಂದೀಟು..."

"ಹಬ್ಬಕ್ಕೂ ಇಲ್ಲ. ನನ್ನ ಲಗ್ನದಾಗ ಎರಡೂ ಕಾಲ ಮ್ಯಾಲ ನಿಂತು ಅಕ್ಕಿಕಾಳು ಹಾಕೋ ಅಪ್ಪ ಬೇಕು ನನಗ."

ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಈ ಕಡೆ ಹುಡುಗಾಟದ ಮಾತಲ್ಲ. ತಪ್ಪಿದರೆ ಕೇಡು ಆಣೆ ಮಾಡಿದವನಿಗೆ ಬರುವುದಿಲ್ಲ, ಆ ತಲೆಗೆ ಬರುತ್ತದೆ. ಎಣ್ಣೆ ಹಚ್ಚಿ ಬಾಚಿದ ಮಗಳ ತಲೆ ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಖಂಡಪ್ಪ "ಆಯ್ತವ್ವ" ಎಂದ.

ಮೊದಮೊದಲು ಅವನ ಪಾಡು ನಾಯಿಗೂ ಬೇಡವಾಗಿತ್ತು. ದಾರಿಯಲ್ಲಿ ಮಲಗಿದ ಎಮ್ಮೆಗಳ ಮೇಲೆ ರೇಗಿದ, ಹಾರ್ನಿನ ಮೇಲೆ ರೇಗಿದ, ಗಾಡಿಯಲ್ಲಿ ಹೇರಿದ ಫರ್ಸಿಗಳು ಬರ್ಫಿಯಂತೆ ಕಾಣತೊಡಗಿದಾಗ ತನ್ನ ಕಣ್ಣಿನ ಮೇಲೂ ರೇಗಿದ. ಹೀಗೆ ರೇಗುತ್ತಲೇ ವಾಡಿಯಲ್ಲಿ ಇಮಾಮ್ಬೀಯ ಚಹಾದಂಗಡಿ ಮುಂದೆ ಗಾಡಿ ನಿಲ್ಲಿಸಿದ.

"ಸಕ್ರಿ ಇಲ್ಲದ ಫೀಕಾ ಚಹಾ ಕೊಡು ಇಮಾಮ್ಬೀ."

ಇಮಾಮ್ಬೀ ಸೋಸುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ ಅಣ್ಣಾ, ಮನ್ಯಾಗ ಯಾರರ ತೀರಿಕೊಂಡಾರೇನು?"

"ಯಾರೂ ತೀರಿಕೊಂಡಿಲ್ಲ. ನಾ ತೀರಿಕೊಬಾರ್ದಂತ ಕುಡಿಲಿಕತ್ತೀನಿ."

ಅವಳು ಫೀಕಾ ಚಹಾ ಕೊಟ್ಟಳು. ಅವನು ಕುಡಿದ ಮೋರೆ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಖಾಲಿ ಬಾಯಿ ಅದ ಅಂತ ಸಿಹಿ ಬೇಡ್ತದ. ಬಾಯಿಗಿ ಕೆಲಸ ಹಚ್ಚು" ಎಂದು, ತನಗಾಗಿ ಉಪ್ಪು ಹಾಕಿ ಕುದಿಸಿಟ್ಟುಕೊಂಡಿದ್ದ ಹಸಿ ತೊಗರಿಕಾಯಿಯನ್ನು ಒಂದು ಬೋಗುಣಿ ತುಂಬ ಅವನ ಮುಂದಿಟ್ಟಳು. ತೊಗರಿಕಾಯಿ ತಿನ್ನುವುದೆಂದರೆ ಅವಸರದ ಕೆಲಸವೇ ಅಲ್ಲ. ಒಂದೊಂದು ಕಾಯಿಯನ್ನೂ ಹಲ್ಲಿನಲ್ಲಿ ಎಳೆಯಬೇಕು, ಕಾಳು ಬಾಯಿಗೆ, ಸಿಪ್ಪೆ ಹೊರಗೆ, ಉಪ್ಪುನೀರು ಗದ್ದಕ್ಕೆ. ಬೋಗುಣಿ ಬರಿದಾಗುವ ಹೊತ್ತಿಗೆ ಖಂಡಪ್ಪನಿಗೆ ಬಾಲೂಶಾದ ನೆನಪೇ ಹೋಗಿತ್ತು. ಚಿತ್ತಾಪುರದಲ್ಲಿ ಫರ್ಸಿಗೆ ಕಾದು ಕುಳಿತಿದ್ದವರ ನೆನಪೂ ಹೋಗಿತ್ತು.

ಅಲ್ಲಿಂದ ಅವನಿಗೆ ಹೊಸ ಹುಚ್ಚು ಹಿಡಿಯಿತು. ಅಂಗಿಯ ಎಡ ಕಿಸೆಯಲ್ಲಿ ಹುರಿಗಡಲೆಯ ಪುಠಾಣಿ, ಬಲ ಕಿಸೆಯಲ್ಲಿ ಮರಳಲ್ಲಿ ಹುರಿದ ಶೇಂಗಾ, ಗೇರ್ ಹಿಡಿಕೆಯ ಪಕ್ಕದ ಚೀಲದಲ್ಲಿ ಹುರಿದು ಅರಳಿಸಿದ ಜೋಳದ ಅಳ್ಳು. ಚಂದ್ರಕಲಾ ಎಳ್ಳು ಹಚ್ಚಿ ಬಡಿದ ಕಡಕ್ ಸಜ್ಜಿರೊಟ್ಟಿಗೆ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಸವರಿಕೊಂಡು, ಸ್ಟೇರಿಂಗಿನ ಮೇಲೆ ಪುಡಿ ಉದುರಿಸುತ್ತ ಸೇಡಂವರೆಗೆ ಕರುಂ ಕುರುಂ ಎನ್ನಿಸಿಕೊಂಡು ಹೋಗುವನು. ಬ್ರೇಕ್ ಹಾಕಿದರೆ ಸೀಟಿನ ಕೆಳಗಿಂದ ಪುಠಾಣಿ ಉರುಳಿ ಬರುತ್ತಿದ್ದವು. ಗಾಡಿ ನಿಂತಲ್ಲೆಲ್ಲ ಗುಬ್ಬಿಗಳು ಇಳಿಯುತ್ತಿದ್ದವು. ಸಾಲದ್ದಕ್ಕೆ ಉಪದೇಶ ಬೇರೆ: ಸಿಕ್ಕ ಡ್ರೈವರುಗಳಿಗೆಲ್ಲ ಕೈತುಂಬ ಅಳ್ಳು ಸುರಿದು, ಅವರ ಕೈಯಲ್ಲಿದ್ದ ಜಿಲೇಬಿಯನ್ನು ವಿಷದಂತೆ ನೋಡುವನು. ದೀಪಾವಳಿಯ ಕರ್ಚಿಕಾಯಿಯ ಗಂಡಾಂತರವನ್ನು ಮಾಳಿಗೆಯ ಮೇಲೆ ಕೂತು ಶೇಂಗಾ ಒಡೆಯುತ್ತ ದಾಟಿದ. ಕಾಲಿನ ಗಾಯ ಮಾಯ್ದು ಕಲೆ ಮಾತ್ರ ಉಳಿಯಿತು.

ಎಲ್ಲ ಸರಿಹೋಯಿತು ಎನ್ನುವಾಗ ಸುಜಾತಾಳಿಗೆ ಸುಲೇಪೇಟದ ಸಂಬಂಧ ಬಂತು. ಹುಡುಗ ಸಾಯಿಕುಮಾರ ಅಲ್ಲೇ ಬಜಾರಿನಲ್ಲಿ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ. ತಂದೆ ಹಣಮಂತರಾಯರದು ಹೊಲಮನೆ. ಹುಡುಗ ಹುಡುಗಿ ನೋಡಿಕೊಂಡರು, ಫೋನಿನಲ್ಲಿ ಮಾತಾಡಿಕೊಂಡರು. ಸುಜಾತಾ ರೊಟ್ಟಿ ಬಡಿಯುವಾಗ ಒಬ್ಬಳೇ ನಗುವುದನ್ನು ಖಂಡಪ್ಪ ಬಾಗಿಲ ಸಂದಿನಿಂದ ನೋಡಿ, ತಾನೂ ಹೊರಗೆ ಹೋಗಿ ಒಬ್ಬನೇ ನಕ್ಕ. ಸಂಕ್ರಾಂತಿ ಕಳೆದ ಮೇಲೆ ಸಕ್ಕರೆ ತಿನ್ನುವುದೆಂದು ಮಾತಾಯಿತು.

ಸಕ್ಕರೆ ತಿನ್ನುವುದು. ಖಂಡಪ್ಪನ ನಗು ಅಲ್ಲಿಗೆ ನಿಂತಿತು.

ಅವರಲ್ಲಿ ಮದುವೆ ನಿಶ್ಚಯ ಎಂದರೆ ಅದೇ. ಎರಡೂ ಮನೆಯ ಹಿರಿಯರು ಎದುರುಬದುರು ಕೂತು ಒಬ್ಬರಿಗೊಬ್ಬರು ಸಕ್ಕರೆ ಕೊಡಬೇಕು. ಬಾಯಿಗೆ ಸಕ್ಕರೆ ಬಿದ್ದರೆ ಮಾತು ಗಟ್ಟಿ. ಒಲ್ಲೆ ಎಂದರೆ ಸಂಬಂಧ ಒಲ್ಲೆ ಎಂದಂತೆ. ಕಾರಣ ಕೇಳುವ ಪದ್ಧತಿಯೇ ಇಲ್ಲ.

"ಖರೇ ಹೇಳಿಬಿಡೋಣೇನ?" ಎಂದು ಹೆಂಡತಿಯನ್ನು ಕೇಳಿದ.

"ಹೇಳ್ರಿ, ಹೇಳಿ ಕೈ ತೊಳಕೊಳ್ರಿ. ಶುಗರ್ ಇದ್ದ ಮನೆತನ, ನಾಳಿಗಿ ಹುಡುಗಿಗೂ ಬರ್ತದ ಅಂತ ಹಿಂದ ಸರೀತಾರ. ನಮ್ಮಕ್ಕನ ಮಗಳಿಗಿ ಹಂಗೇ ಆಯ್ತಲ್ಲ. ಬಾಯಾಗ ಹಾಕ್ಕೊಂಡು ಹಿತ್ತಲಿಗಿ ಹೋಗಿ ಉಗುಳ್ರಿ."

"ಬಾಯಾಗ ಹಾಕಂಗಿಲ್ಲ ಅಂತ ಆಣಿ ಅದ. ನುಂಗಂಗಿಲ್ಲ ಅಂತಲ್ಲ."

ಸುಜಾತಾಳಿಗೆ ಹೇಳುವಂತಿರಲಿಲ್ಲ. ಅವಳು ನೇರ ಹೋಗಿ ಬೀಗರಿಗೇ ಹೇಳಿಬಿಡುವವಳು. ತಿಂದರೆ ಮಗಳ ತಲೆ, ಬಿಟ್ಟರೆ ಮಗಳ ಮದುವೆ. ಖಂಡಪ್ಪ ಗಾಡಿಯ ಕನ್ನಡಿಯ ಮುಂದೆ ಕೂತು, ಪುಠಾಣಿ ಹಿಡಿದುಕೊಂಡು ಅಭ್ಯಾಸ ಶುರುಮಾಡಿದ. ಅಂಗೈ ಬಾಯಿಯ ಹತ್ತಿರ ಹೋಗಬೇಕು, ಕತ್ತು ಹಿಂದೆ ವಾಲಬೇಕು, ದವಡೆ ಆಡಬೇಕು. ಕಾಳು ಮಾತ್ರ ಮುಷ್ಟಿಯಲ್ಲೇ ಉಳಿದು ಮೆಲ್ಲಗೆ ಕಿಸೆಗೆ ಇಳಿಯಬೇಕು. ಚಿತ್ತಾಪುರದ ದಾರಿಯಲ್ಲಿ ಇವನನ್ನು ನೋಡಿದ ಕುರಿ ಕಾಯುವವರು ಈ ಮನುಷ್ಯನಿಗೆ ಗಾಳಿ ಸೋಕಿದೆ ಎಂದುಕೊಂಡರು.

ಆ ದಿನ ಬೀಗರು ಜೀಪು ತುಂಬ ಬಂದರು. ಸೀರೆ, ಕುಬಸ, ಸಕ್ಕರೆಯ ಪುಡಿಕೆಗಳ ಜೊತೆಗೆ ತಮ್ಮ ಹೊಲದ ಎಳೆ ಜೋಳದ ತೆನೆಗಳನ್ನೂ ಒಂದು ಚೀಲ ತಂದಿದ್ದರು. ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ಮಾಡಿ ತಿನ್ನುವ ದಿನಗಳು ಅವು. ಬಂದವರಿಗೆಲ್ಲ ಬಾಗಿಲಲ್ಲೇ ನೀರು ಬೆಲ್ಲ ಕೊಟ್ಟರು. ಮುಂದಾಳು ಹಣಮಂತರಾಯರ ತಾಯಿ ಹಣಮಮ್ಮ. ಬಾಯಲ್ಲಿ ಒಂದೂ ಹಲ್ಲಿಲ್ಲ, ಸೊಂಟದಲ್ಲಿ ಎಲೆ ಅಡಿಕೆಯ ದೊಡ್ಡ ಚಂಚಿ.

"ನಮ್ಮವ್ವಗ ಸಿಹಿ ಅಂದ್ರ ಪ್ರಾಣ ನೋಡ್ರಿ" ಎಂದರು ಹಣಮಂತರಾಯರು ಅಭಿಮಾನದಿಂದ. "ವಾರದಾಗ ಎರಡು ಸಲ ಚಿಂಚೋಳಿಯಿಂದ ಪೇಢೆ ತರ್ತೀನಿ. ಒಂದೂ ಉಳಸಂಗಿಲ್ಲ."

ಹಣಮಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ಖಂಡಪ್ಪ ಕಿಸೆಯನ್ನು ಮುಟ್ಟಿ ನೋಡಿಕೊಂಡ.

ಜಮಖಾನದ ಮೇಲೆ ಇಬ್ಬರನ್ನೂ ಕೂರಿಸಿ ನಡುವೆ ಹರಿವಾಣ ಇಟ್ಟರು. ಮುದುಕಿ ಸಕ್ಕರೆ ತೆಗೆದು ಕೈ ಚಾಚಿದಳು. ಖಂಡಪ್ಪ ಎರಡೂ ಅಂಗೈ ಒಡ್ಡಿದ. "ಕೈಯಾಗ ಕೊಡ್ರಿ ಆಯಿ, ಹಿರ್ಯಾರ ಪ್ರಸಾದ" ಎಂದ. ಕತ್ತು ವಾಲಿತು, ದವಡೆ ಆಡಿತು, ಸಕ್ಕರೆ ಕಿಸೆಗಿಳಿಯಿತು. ಯಾರಿಗೂ ಗೊತ್ತಾಗಲಿಲ್ಲ. ಅವನು ಸಕ್ಕರೆ ಕೊಡಲು ಹೋದಾಗ ಹಣಮಮ್ಮ ಕೂಡ, "ನನಗೂ ಕೈಯಾಗೇ ಕೊಡಪ್ಪ, ಹಲ್ಲಿಲ್ಲದ ಬಾಯಿ" ಎಂದಳು. ಸಕ್ಕರೆಗೆ ಹಲ್ಲು ಏಕೆ ಬೇಕು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಖಂಡಪ್ಪನಂತೂ ಗೆದ್ದ ಸಂತೋಷದಲ್ಲಿ ತೇಲುತ್ತಿದ್ದ. ಮದುವೆಯ ದಿನ, ಛತ್ರ, ಅಡುಗೆಯವರು ಎಂದು ಮಾತು ಬೆಳೆಯಿತು.

ಅಷ್ಟರಲ್ಲಿ ಇರುವೆಗಳು ಬಂದವು.

ನೆಲದ ಫರ್ಸಿಯ ಸಂದಿನಿಂದ ಎದ್ದ ಸಾಲು ಗೋಡೆಯ ಬದಿ ಹಿಡಿದು, ಜಮಖಾನದ ಅಂಚು ಹತ್ತಿ, ನೆಟ್ಟಗೆ ಅವನ ಕಡೆಗೇ ಬರುತ್ತಿತ್ತು. ಖಂಡಪ್ಪ ಸರಿದು ಕೂತ. ಇರುವೆಗಳು ನಿಲ್ಲಲಿಲ್ಲ. ಕಾಲು ಮಡಚಿದ, ಟವೆಲ್ಲಿನಿಂದ ಗಾಳಿ ಹಾಕಿದ, ಊದಿ ನೋಡಿದ. ಹಣಮಂತರಾಯರು ಮಾತು ನಿಲ್ಲಿಸಿ ಸಾಲನ್ನೇ ನೋಡತೊಡಗಿದರು. ಅವರ ಕಣ್ಣು ಇರುವೆಯ ಜೊತೆಗೇ ನಡೆದುಬರುವುದನ್ನು ಖಂಡಪ್ಪನಿಂದ ಸಹಿಸಲಾಗಲಿಲ್ಲ. ಧಡಕ್ಕನೆ ಎದ್ದು ನಿಂತ. ಕಿಸೆಯನ್ನು ಹೊರಳಿಸಿದ. ಸಕ್ಕರೆ, ಅದರ ಜೊತೆಗೆ ಒಂದು ಹಿಡಿ ಪುಠಾಣಿ, ಬಳಬಳನೆ ಜಮಖಾನದ ಮೇಲೆ ಬಿದ್ದವು.

"ನಾ ತಿಂದಿಲ್ರಿ ಬೀಗರ" ಎಂದ. "ನನಗ ಶುಗರ್ ಅದ. ಮಗಳ ತಲಿ ಮ್ಯಾಲ ಕೈ ಇಟ್ಟು ಸಕ್ರಿ ಬಿಟ್ಟೀನಿ. ನೀವು ಎಲ್ಲಾರೂ ಸಕ್ರಿ ನೋಡ್ಲಿಕತ್ತೀರಿ. ನನಗ ಹರಿವಾಣದಾಗ ಅಕಿ ತಲಿನೇ ಕಾಣ್ಲಿಕತ್ತದ."

ಒಳಬಾಗಿಲಲ್ಲಿ ಸುಜಾತಾ ಸೆರಗು ಬಾಯಿಗೆ ಒತ್ತಿ ಹಿಡಿದಳು. ಹಣಮಂತರಾಯರು ಮೆಲ್ಲಗೆ ಶಲ್ಯ ಹೆಗಲಿಗೇರಿಸಿಕೊಂಡರು.

"ಹುಡುಗಿ ಅಪ್ಪ ಸಕ್ರಿ ತಿಂದಿಲ್ಲ ಅಂದ್ರ..." ಎಂದು ಎದ್ದವರು ಅಲ್ಲಿಗೇ ನಿಂತರು, ಯಾಕೆಂದರೆ ಸುಜಾತಾ ಒಳಬಾಗಿಲು ದಾಟಿ ನಡುಮನೆಗೇ ಬಂದುಬಿಟ್ಟಿದ್ದಳು.

"ಅಪ್ಪಾ, ಇರವಿ ನಿನ್ನ ಕಡಿ ಬಂದೇ ಇಲ್ಲ ನೋಡು."

ಎಲ್ಲರೂ ಬಗ್ಗಿದರು. ಹೌದು. ಸಾಲು ಖಂಡಪ್ಪ ಕೂತಿದ್ದ ಜಾಗವನ್ನು ಮೂಸಿಯೂ ನೋಡದೆ ದಾಟಿ, ಹಣಮಮ್ಮನ ಸೀರೆಯ ಅಂಚು ಹತ್ತಿ, ಸೊಂಟದ ಚಂಚಿಯೊಳಗೆ ಶಿಸ್ತಾಗಿ ಇಳಿಯುತ್ತಿತ್ತು.

"ನೋಡಬ್ಯಾಡ್ರೋ" ಎಂದು ಮುದುಕಿ ಚಂಚಿಯನ್ನು ಮುಚ್ಚಿಕೊಂಡಳು. ಇರುವೆ ಕಚ್ಚಿದ್ದರಿಂದ ತಾನೇ ಬಿಚ್ಚಿ ಕೊಡವಿದಳು. ಸಕ್ಕರೆ ಬಿತ್ತು. ಬಾಗಿಲಲ್ಲಿ ಕೊಟ್ಟಿದ್ದ ಬೆಲ್ಲ ಬಿತ್ತು. ಕೊನೆಗೆ ಗುಳಿಗೆಯ ಹಾಳೆಯೊಂದು ಬಿತ್ತು. ಸುಜಾತಾ ಅದನ್ನೆತ್ತಿ ನೋಡಿ, "ಅಪ್ಪನ ಗುಳಿಗಿನೇ ಇದು" ಎಂದಳು.

ಹಣಮಂತರಾಯರು ಕೂತುಬಿಟ್ಟರು. "ಯವ್ವಾ, ನಿನಗ ಶುಗರ್?"

"ಭಾಳ ವರ್ಷ ಆಯ್ತು. ನೀ ಅಷ್ಟು ಪ್ರೀತಿಲೆ ತರ್ತಿ, ಬ್ಯಾಡ ಅನ್ನಲಿಕ್ಕಿ ಮನಸಾಗಲಿಲ್ಲ. ಇವತ್ತ ಹೇಳಿದ್ರ, ಶುಗರ್ ಇದ್ದ ಮನೆತನ ಅಂತ ಇವರು ಹಿಂದ ಸರೀತಾರಂತ ಅಂಜಿಕಿ."

"ಮತ್ತ ನಾ ತಂದ ಪೇಢೆ?"

"ಎಮ್ಮಿಗಿ" ಎಂದಳು ಮುದುಕಿ. "ಹಾಲು ರುಚಿ ಆಗ್ಯಾವ, ಹಾಲು ರುಚಿ ಆಗ್ಯಾವ ಅಂತ ನೀನೇ ಅಂತಿದ್ದೆಲ್ಲೋ."

ಮೊದಲು ನಕ್ಕವನು ಮದುಮಗ ಸಾಯಿಕುಮಾರ. ಆಮೇಲೆ ಚಂದ್ರಕಲಾ ನಕ್ಕಳು, ಬೀಗರ ಕಡೆಯವರು ನಕ್ಕರು, ಹಣಮಂತರಾಯರು ಕಣ್ಣೊರೆಸಿಕೊಂಡು ನಕ್ಕರು. ಖಂಡಪ್ಪ ನಗುತ್ತ ನಗುತ್ತ ಜಮಖಾನದ ಮೇಲೇ ಕುಸಿದು, ತನ್ನದೇ ಪುಠಾಣಿಯ ಮೇಲೆ ಕೂತ.

"ಈಗ ಮಾತು ಗಟ್ಟಿ ಆಗೂದು ಹ್ಯಾಂಗ್ರಿ?" ಎಂದು ಯಾರೋ ಕೇಳಿದರು. ಹಣಮಮ್ಮ ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಕುಳ್ಳಿನ ಕೆಂಡದಲ್ಲಿ ತೆನೆಗಳು ಬೆಂದು ಘಮಘಮ ಎನ್ನುತ್ತಿದ್ದವು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಅವಳು ಖಂಡಪ್ಪನ ಬಾಯಿಗೆ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ. ಮಗಳ ಮುಖ ನೋಡಿದ.

"ಒಂದು ಹಿಡಿ, ಅಷ್ಟೇ" ಎಂದಳು ಸುಜಾತಾ.

ಹಾಲು ತುಂಬಿದ ಎಳೆ ಜೋಳದ ಕಾಳು. ತಿಂಗಳುಗಟ್ಟಲೆ ಸಿಹಿ ಕಾಣದ ನಾಲಗೆಗೆ ಅದರ ಸಣ್ಣ ಸಿಹಿ ಎಷ್ಟು ದೊಡ್ಡದಾಗಿ ತಾಗಿತೆಂದರೆ ಖಂಡಪ್ಪ ಕಣ್ಣು ಮುಚ್ಚಿಬಿಟ್ಟ. ಇಷ್ಟು ವರ್ಷ ತಿಂದ ಜಿಲೇಬಿಗಳೆಲ್ಲ ಬರೀ ಗದ್ದಲ ಅನ್ನಿಸಿತು.

ಕಣ್ಣು ತೆರೆದಾಗ ಸುಜಾತಾ ಮುದುಕಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ಅವಳ ಸುಕ್ಕುಗಟ್ಟಿದ ಕೈಯನ್ನು ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು.

"ಹೇಳ್ರಿ ಆಯಿ. ಇನ್ನ ಗುಳಿಗಿ ಚಂಚ್ಯಾಗ ಮುಚ್ಚಿಡಂಗಿಲ್ಲ, ಎಲ್ಲಾರ ಮುಂದ ತಗೋತೀನಿ ಅಂತ."

ಹಣಮಮ್ಮ ಇನ್ನೊಂದು ಕೈಯಿಂದ ಗುಳಿಗೆಯ ಹಾಳೆಯನ್ನು ತೆಗೆದುಕೊಂಡಳು. ಆಮೇಲೆ "ಆಯ್ತವ್ವ" ಎಂದು, ಖಂಡಪ್ಪನ ಕಡೆ ತಿರುಗಿ, "ಬೀಗಪ್ಪಾ, ನಿನ್ನ ಮಗಳು ಇನ್ನ ಮನಿಗಿ ಬಂದಿಲ್ಲ, ಆಗಲೇ ನಮ್ಮ ಎಮ್ಮಿ ಬಾಯಿಗಿ ಮಣ್ಣು ಹಾಕಿದ್ಲು ನೋಡು" ಎಂದಳು.

ತನ್ನ ಕೈ ಇದ್ದ ಜಾಗದಲ್ಲಿ ಈಗ ಇನ್ನೊಂದು ಮನೆಯ ಕೈ ಇತ್ತು. ಖಂಡಪ್ಪನಿಗೆ ಸಂಕಟವೂ ಆಯಿತು, ಹಿಡಿಸಲಾರದಷ್ಟು ಸಂತೋಷವೂ ಆಯಿತು. ಏನು ಮಾಡಬೇಕೋ ತಿಳಿಯದೆ ಇನ್ನೊಂದು ಕಿಸೆಗೆ ಕೈ ಹಾಕಿ, ಮುದುಕಿಯ ಮುಂದೆ ಶೇಂಗಾ ಹಿಡಿದ. ಅವಳು ಬಾಯಿ ತೆರೆದು ಬರೀ ವಸಡು ತೋರಿಸಿದಳು. ಖಂಡಪ್ಪ ಹರಿವಾಣದ ಸಕ್ಕರೆಯನ್ನು ಇರುವೆಗಳಿಗೆ ಬಿಟ್ಟು, ಶೇಂಗಾ ಕುಟ್ಟಿ ಹಿಂಡಿ ಮಾಡಿಸಲು ಅಡುಗೆಮನೆಗೆ ಹೋದ.