ಅತ್ತೆ ಹಾಕುತ್ತಿದ್ದ ಜಡೆ

ನನ್ನ ವಾರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಪೂರ್ತಿ ಆರಿಲ್ಲ.

ಅದು ಐವತ್ತರ ದಶಕದ ಕೊನೆ. ನಾವಿದ್ದದ್ದು ಗುಬ್ಬಿಯಲ್ಲಿ, ಮೈದುನನೂ ಅವನ ಹೆಂಡತಿಯೂ ಕುಣಿಗಲ್ಲಿನಲ್ಲಿ. ಅತ್ತೆ ನಮ್ಮ ಜೊತೆಗಿದ್ದರು. ಶುಕ್ರವಾರ ಎಣ್ಣೆನೀರು ಹಾಕಿಕೊಂಡ ಮೇಲೆ ನನ್ನನ್ನು ಹಜಾರದಲ್ಲಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ತಾಯಿಯಿಲ್ಲದೆ ಬೆಳೆದವಳು ನಾನು. ವಾರವೆಲ್ಲ ಆ ಹೊತ್ತಿಗೇ ಕಾಯುತ್ತಿದ್ದೆ.

ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದ ದಿನ ಡಾಕ್ಟರು, “ಕೈ ಸುಮ್ನೆ ಇಡ್ಬೇಡಿ. ನೋವಾದ್ರೂ ಮನೆ ಕೆಲ್ಸ ಮಾಡ್ಸಿ. ಇಲ್ಲಾಂದ್ರೆ ಹಿಂಗೇ ಬಿಗ್ದ್ಕೊಳ್ಳುತ್ತೆ” ಅಂದರು.

ಕೈ ಮುರಿದುಕೊಂಡ ಅತ್ತೆಯ ಹತ್ತಿರ ಕೆಲಸ ಮಾಡಿಸುವುದೇ? ಬೀದಿಯವರು ಏನಂದಾರು! ಅವರು ಚೊಂಬಿಗೆ ಕೈ ಚಾಚುವ ಮೊದಲೇ ನಾನು ಎತ್ತಿಕೊಟ್ಟೆ. ಅನ್ನ ಕಲಸಿ ತುತ್ತಿಟ್ಟೆ. ಹರಳೆಣ್ಣೆ ನೀವಿ, ಬಿಸಿನೀರಿನ ಶಾಖ ಕೊಟ್ಟೆ. ಅವರು ಬಾಚಣಿಗೆ ಮುಟ್ಟಿದರೆ, “ಬಿಡಿ ಅತ್ತೆ, ನಾನೇ ಬಾಚ್ಕೊತೀನಿ” ಎಂದು ಕಸಿದುಕೊಳ್ಳುತ್ತಿದ್ದೆ. ಎಂಥ ಸೊಸೆ ಎಂದು ಬೀದಿಯೆಲ್ಲ ಹೊಗಳಿತು. ಕೈ ಮಾತ್ರ ಮರದ ಸೌಟಿನ ಹಾಗೆ ಸೆಟೆದುಕೊಂಡೇ ಇತ್ತು.

ಮೈದುನ ಬಂದು ಅವರನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದ. ಸ್ವಲ್ಪ ದಿನಕ್ಕೆ, ಅಲ್ಲಿಗೆ ಹೋಗಿಬಂದ ಪಕ್ಕದ ಮನೆಯಾಕೆ ಸುದ್ದಿ ತಂದರು. “ನಿಮ್ಮತ್ತೆ ಅಲ್ಲಿ ಮಜ್ಜಿಗೆ ಕಡೀತವ್ರೆ ಕಣಮ್ಮ, ಬಟ್ಟೆ ಹಿಂಡ್ತವ್ರೆ!”

ನನಗೆ ಮೈಯೆಲ್ಲ ಉರಿಯಿತು. ವಯಸ್ಸಾದವರ ಕೈಲಿ ದುಡಿಸಿಕೊಳ್ಳುತ್ತಿದ್ದಾಳೆ ಸೋಂಬೇರಿ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಹಾಗೆ ಹೇಳುವಾಗ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಆಮೇಲೆ ಅತ್ತೆ ವಾಪಸು ಬಂದರು. ಬಸ್ಸಿನಿಂದ ಇಳಿಯುವಾಗ ಚೀಲ ಹಿಡಿದದ್ದು ಬಲಗೈಯಲ್ಲಿ. ನನ್ನನ್ನು ಹೊಗಳಿದ ಬಾಯಿಗಳೇ ಈಗ ಕುಣಿಗಲ್ಲಿನ ಸೊಸೆಯನ್ನು ಹೊಗಳಿದವು. ಡಾಕ್ಟರು ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿಸಿದ್ದಳು, ಅಷ್ಟೇ. ಸೇವೆ ಮಾಡಿ ಸೊರಗಿದವಳು ನಾನು, ಹೆಸರು ಅವಳಿಗೆ!

ಶುಕ್ರವಾರ ಬಾಚಣಿಗೆ ಕೊಟ್ಟು ಅವರ ಮುಂದೆ ಬೆನ್ನು ಮಾಡಿ ಕೂತೆ. ಬೆರಳುಗಳು ಮೊದಲಿನಷ್ಟೇ ಬಿಗಿಯಾಗಿ ಹೆಣೆದವು. ನನ್ನ ಕಣ್ಣು ತುಂಬಿತು.

“ಬೆರಳು ಎಷ್ಟ್ ಚೆನ್ನಾಗಿ ಮಡಚ್ತವೆ ಅತ್ತೆ!”

“ಮಜ್ಜಿಗೆ ಕಡ್ದು ಮಣಿಕಟ್ಟು ತಿರುಗ್ತು. ಬೆರಳು ಸರಿಹೋಗಿದ್ದು ಅವಳಿಗೆ ಜಡೆ ಹಾಕಿ ಹಾಕಿ ಕಣೇ. ದಿನಾ ಬಂದು ಕೂತ್ಕೊಳ್ಳೋಳು. ಮೊದಮೊದ್ಲು ಸೊಟ್ಟಪಟ್ಟ ಹಾಕಿದ್ರೂ ಹಂಗೇ ಸಂತೆಗೆ ಹೋಗೋಳು.”

ದಿನಾ! ನನಗೆ ವಾರಕ್ಕೊಂದು. ಅವಳಿಗೆ ದಿನಾ, ಅದೂ ಆ ಇಲಿಬಾಲದಂಥ ಜಡೆಗೆ!

ಅತ್ತೆ ತುದಿಗೆ ಟೇಪು ಕಟ್ಟಿ, ಆಯಿತು ಏಳು ಎಂದು ಬೆನ್ನು ತಟ್ಟಿದರು. ನಾನು ಏಳಲಿಲ್ಲ. ಟೇಪು ಎಳೆದು, ಜಡೆಯನ್ನೆಲ್ಲ ಬಿಚ್ಚಿಬಿಟ್ಟೆ.

“ಸಡ್ಲ ಆಗಿದೆ ಅತ್ತೆ, ಇನ್ನೊಂದ್ಸಲ ಹಾಕಿ” ಅಂದೆ.